ತಲೆಕೆಳಗಾದ ಕ್ರಾಮ್‌ವೆಲ್

"ಅಲ್ಲಿ ನೋಡೋಕೆ ಏನಿದೆ? ಎಷ್ಟು ಹೊತ್ತು ಬೇಕಾಗುತ್ತೆ?"

ಊರಿಂದ ಬರುವ ನೆಂಟರು ಈ ಎರಡನ್ನೂ ಒಂದೇ ಉಸಿರಲ್ಲಿ ಕೇಳುತ್ತಾರೆ. ಲಂಡನ್ನಿನ ದೊಡ್ಡ ಮ್ಯೂಸಿಯಂ ಅಂದರೆ ಇಡೀ ದಿನ ಎತ್ತಿಡುತ್ತಾರೆ. ಅಲ್ಲಿ ಹೋಗಿ ಒಂದು ಗಂಟೆಗೇ ಕಾಲು ನೋವು ಅಂತ ಕಾಫಿ ಹುಡುಕುತ್ತಾರೆ, ಅದು ಬೇರೆ ಮಾತು. ಥೆಟ್‌ಫರ್ಡ್ ಅಂದರೆ ಮಾತ್ರ ಗಡಿಯಾರ ನೋಡಿಕೊಳ್ಳುತ್ತಾರೆ. ಮೊನ್ನೆ ನಮ್ಮ ಭಾವ, "ಅರ್ಧ ಗಂಟೆ ಸಾಕಂತೆ, ಫೋನಲ್ಲಿ ಹಾಕಿದ್ದಾರೆ" ಎಂದರು. ಹಾಕಿದವರಿಗೆ ಒಳ್ಳೇದಾಗಲಿ.

ಇಂಗ್ಲೆಂಡಿನ ಪೂರ್ವದಲ್ಲಿ, ನಾರ್ಫಕ್ ಕಡೆಯ ಈ ಸಂತೆ ಊರಿನ ವೈಟ್ ಹಾರ್ಟ್ ಬೀದಿಯಲ್ಲಿ ಏನ್ಷಿಯಂಟ್ ಹೌಸ್ ಇದೆ. 1490ರ ಸುಮಾರಿನ ವ್ಯಾಪಾರಿಯ ಮನೆ, ಈಗ ಮ್ಯೂಸಿಯಂ. ಚಾವಣಿಯ ಓಕ್ ತೊಲೆಗಳ ಕೆತ್ತನೆ ನೋಡುತ್ತಾ ನಿಂತರೆ ಕತ್ತು ಹಿಡಿದುಕೊಳ್ಳುತ್ತದೆ. ಇದನ್ನು 1921ರಲ್ಲಿ ಊರಿಗೆ ದಾನ ಕೊಟ್ಟವನು ಪ್ರಿನ್ಸ್ ಫ್ರೆಡರಿಕ್ ದುಲೀಪ್ ಸಿಂಗ್. ಹೌದು, ಅದೇ ಸಿಂಗ್. ಪಂಜಾಬಿನ ರಣಜಿತ್ ಸಿಂಗನ ಮೊಮ್ಮಗ.

ಇವನ ತಂದೆ ಮಹಾರಾಜಾ ದುಲೀಪ್ ಸಿಂಗನಿಗೆ ಹತ್ತು ವರ್ಷವಿದ್ದಾಗ, 1849ರಲ್ಲಿ, ಇಂಗ್ಲಿಷರು ರಾಜ್ಯವನ್ನೂ ಕೊಹಿನೂರನ್ನೂ ಕಿತ್ತುಕೊಂಡರು. ಆಮೇಲೆ ಇಲ್ಲಿಗೆ ಬಂದು ಪಕ್ಕದ ಎಲ್ವೆಡೆನ್‌ನಲ್ಲಿ ಜಮೀನ್ದಾರನಾಗಿ ಹಕ್ಕಿ ಹೊಡೆದುಕೊಂಡು ಇದ್ದ. ಕೊನೆಗೆ ಸಿಟ್ಟಿಗೆದ್ದು 1886ರಲ್ಲಿ ಹಿಂದೂಸ್ತಾನಕ್ಕೆ ಹೊರಟರೆ ಏಡನ್ನಿನಲ್ಲೇ ತಡೆದರು. ಇಷ್ಟೆಲ್ಲ ಆದ ಮೇಲೆ ಮಗ ಏನಾಗಬೇಕು? ಅರಮನೆಯ ಶತ್ರುವಾಗಬೇಕು, ಅಲ್ವಾ? ಈ ಮಹಾನುಭಾವ ಇಂಗ್ಲೆಂಡಿನ ರಾಜರ ಪರಮ ಭಕ್ತನಾದ! ನಾರ್ಫಕ್ಕಿನ ಹಳೇ ಮನೆಗಳಲ್ಲಿ ತೂಗುಹಾಕಿದ್ದ ಯಾರ‍್ಯಾರದೋ ಮುತ್ತಜ್ಜಂದಿರ ಚಿತ್ರಗಳನ್ನು ಪಟ್ಟಿ ಮಾಡುವುದರಲ್ಲಿ ವರ್ಷಗಳನ್ನೇ ಕಳೆದ.

1649ರಲ್ಲಿ ರಾಜನ ತಲೆ ತೆಗೆಸಿದವರಲ್ಲಿ ಮುಂಚೂಣಿಯವನಾದ ಆಲಿವರ್ ಕ್ರಾಮ್‌ವೆಲ್ ಮೇಲಂತೂ ಅವನಿಗೆ ಕೆಟ್ಟ ಸಿಟ್ಟು. ಬ್ಲೋ ನಾರ್ಟನ್ ಹಾಲ್ ಎಂಬ ತನ್ನ ಮನೆಯ ಪಾಯಿಖಾನೆಯಲ್ಲಿ ಕ್ರಾಮ್‌ವೆಲ್ ಚಿತ್ರವನ್ನು ತಲೆಕೆಳಗಾಗಿ ತೂಗುಹಾಕಿದ್ದನಂತೆ.

ನನ್ನ ಅರ್ಧ ಗಂಟೆ ಮುಗಿಯುವುದು ಇಲ್ಲೇ. ಆ ಮೊಳೆ ಹೊಡೆದವರು ಯಾರು? ಪ್ರಿನ್ಸ್ ತಾನೇ ಸುತ್ತಿಗೆ ಹಿಡಿದನೋ, ಆಳಿಗೆ ಹೇಳಿದನೋ? ಆಳು "ಸರ್, ಉಲ್ಟಾ ಆಗಿದೆ" ಅಂದಿರಬೇಕು. "ಗೊತ್ತು, ಹಾಗೇ ಇರಲಿ" ಅಂದಿರಬೇಕು ಇವನು. ಬಂದ ಅತಿಥಿ ಒಳಗೆ ಚಿಲಕ ಹಾಕಿಕೊಂಡು ಕೂತು, ಕತ್ತು ವಾಲಿಸಿ, ಇದು ಯಾರ ಮುಖ ಎಂದು ಯೋಚಿಸಿರಬೇಕು. ಗಲ್ಲ ಮೇಲೆ, ಹಣೆ ಕೆಳಗೆ. ಕ್ರಾಮ್‌ವೆಲ್ ಮುಖದ ಆ ಪ್ರಸಿದ್ಧ ನರಹುಲಿ ಎಲ್ಲಿ ಎಂದು ಹುಡುಕಿರಬೇಕು. ಅತಿಥಿ ಹೊರಗೆ ಬಂದಮೇಲೆ ಆ ಮಾತು ಎತ್ತುತ್ತಿದ್ದನೋ, ಸುಮ್ನೆ ಹವಾಮಾನದ ಬಗ್ಗೆ ಮಾತಾಡುತ್ತಿದ್ದನೋ? ಇಂಗ್ಲಿಷರಲ್ವಾ, ಹವಾಮಾನವೇ ಇರಬೇಕು. ತನ್ನಪ್ಪನ ಕಿರೀಟ ಕಿತ್ತವರ ಮೇಲಿಲ್ಲದ ಸಿಟ್ಟು, ಇನ್ನೂರೈವತ್ತು ವರ್ಷದ ಹಿಂದೆ ಸತ್ತವನ ಮೇಲೆ! ಇದರಲ್ಲಿ ಏನೋ ಇದೆ ಅನ್ನಿಸುತ್ತದೆ. ಏನು ಅಂತ ಯೋಚಿಸುವಷ್ಟರಲ್ಲಿ ಭಾವ, "ಮುಂದಿನ ರೂಮಿಗೆ ಹೋಗೋಣ್ವಾ?" ಎನ್ನುತ್ತಾರೆ.

ಮುಂದೆ ಥೆಟ್‌ಫರ್ಡ್ ನಿಧಿ. 1979ರಲ್ಲಿ ಇಲ್ಲಿನ ನೆಲದಲ್ಲಿ ಸಿಕ್ಕ ರೋಮನ್ ಕಾಲದ ಬಂಗಾರ, ಬೆಳ್ಳಿ. ಉಂಗುರಗಳೇ 22. ಬೆಳ್ಳಿ ಚಮಚಗಳು ಬೇರೆ. ಆದರೆ ಇಲ್ಲಿರುವುದು ನಕಲು. ಅಸಲಿ ಮಾಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕೊಹಿನೂರ್ ಹೋದದ್ದೂ ಲಂಡನ್ನಿಗೇ. ನಾವೇನೋ ನಮ್ಮದನ್ನು ಮಾತ್ರ ಹೊತ್ತುಕೊಂಡು ಹೋದರು ಅಂದುಕೊಂಡಿದ್ದೇವೆ. ಇದನ್ನು ಭಾವನಿಗೆ ಹೇಳಿದೆ. ಅವರಿಗೆ ನಗು ಬರಲಿಲ್ಲ, ಕೊಹಿನೂರಿನ ಭಾಷಣ ಶುರುವಾಯಿತು. ಅದು ಎಲ್ವೆಡೆನ್ ಚರ್ಚಿನ ಅಂಗಳದಲ್ಲಿ ಮಹಾರಾಜನ ಸಮಾಧಿ ಮುಟ್ಟುವವರೆಗೂ ಮುಗಿಯಲಿಲ್ಲ.

ಹತ್ತಿರದಲ್ಲೇ ಗ್ರೈಮ್ಸ್ ಗ್ರೇವ್ಸ್ ಇದೆ. ಹೆಸರಿಗೆ ಗೋರಿ, ಇರುವುದು ಸುಮಾರು 4,500 ವರ್ಷ ಹಳೆಯ ಚಕಮಕಿ ಕಲ್ಲಿನ ಗಣಿ. ನಾನೂರಕ್ಕೂ ಹೆಚ್ಚು ಗುಂಡಿಗಳು. ಜಿಂಕೆಯ ಕೊಂಬನ್ನೇ ಗುದ್ದಲಿ ಮಾಡಿಕೊಂಡು ತೋಡಿದ್ದು. ಭಾವನಿಗೆ ಮಂಡಿ ನೋವು, ಕೆಳಗಿಳಿಯಲಿಲ್ಲ. ನಾನಂತೂ ಇಳಿದೆ.

ವಾಪಸ್ ಊರೊಳಗೆ ಬಂದರೆ ಟಾಮ್ ಪೇನ್. 1737ರಲ್ಲಿ ಇಲ್ಲೇ ಹುಟ್ಟಿದವನು. ಅಮೆರಿಕದ ಕ್ರಾಂತಿಗೂ ಫ್ರಾನ್ಸಿನ ಕ್ರಾಂತಿಗೂ ಪೆನ್ನು ಹಿಡಿದವನು. ರಾಜರೆಂದರೆ ಆಗದವನು. 1964ರಲ್ಲಿ ನಿಲ್ಲಿಸಿದ ಬಂಗಾರದ ಬಣ್ಣದ ಪ್ರತಿಮೆ. ಕೈಯಲ್ಲಿ ಅವನದೇ 'ರೈಟ್ಸ್ ಆಫ್ ಮ್ಯಾನ್'. ಪುಸ್ತಕವೂ ತಲೆಕೆಳಗು! ಈ ಊರಿಗೆ ಅದೇನು ಹುಚ್ಚೋ. ಶಿಲ್ಪಿ ಬೇಕಂತಲೇ ಮಾಡಿದ್ದು ಎನ್ನುವವರಿದ್ದಾರೆ. ನಿಂತು ವಾದ ಮಾಡೋಣ ಎಂದರೆ ಜೊತೆಗೆ ಯಾರೂ ಇಲ್ಲ. ಭಾವ ಆಗಲೇ ನದಿಯ ಕಡೆ ಹೊರಟಿದ್ದರು.

ಅಲ್ಲಿ ಬೆಂಚಿನ ಮೇಲೆ ಕ್ಯಾಪ್ಟನ್ ಮೇನ್‌ವರಿಂಗ್ ಕೂತಿದ್ದಾನೆ. 'ಡ್ಯಾಡ್ಸ್ ಆರ್ಮಿ' ಎಂಬ ಹಳೇ ಟಿವಿ ಹಾಸ್ಯ ಧಾರಾವಾಹಿಯ ಪಾತ್ರ. ಹೊರಾಂಗಣ ಶೂಟಿಂಗ್ ಈ ಊರಲ್ಲೂ ನಡೆದಿತ್ತು ಅಂತ 2010ರಲ್ಲಿ ಕಂಚಿನಲ್ಲಿ ಕೂರಿಸಿದ್ದಾರೆ. ಭಾವ ಆ ಧಾರಾವಾಹಿಯ ಒಂದು ಕಂತೂ ನೋಡಿದವರಲ್ಲ. ಆದರೂ ಅವನ ಪಕ್ಕದಲ್ಲಿ ಕೂತು, ಹೆಗಲ ಮೇಲೆ ಕೈಹಾಕಿ, "ಇನ್ನೊಂದು ತೆಗಿ, ಇದರಲ್ಲಿ ಕಣ್ಣು ಮುಚ್ಚಿದೆ" ಅಂತ ನನ್ನಿಂದ ಮುಕ್ಕಾಲು ಗಂಟೆ ಫೋಟೋ ತೆಗೆಸಿಕೊಂಡರು.