ಫೀಸು ಕಟ್ಟಿದರೆ ಮುಗೀತಾ?

‘ವರ್ಷದ ಫೀಸು, ಊಟ-ವಸತಿ ಖರ್ಚು ಕೊಟ್ಟರೆ ಗುಡ್ಡಗಾಡಿನ ಒಂದು ಮಗುವಿನ ಓದು ಪಕ್ಕಾ’ ಎಂದು ಅಲ್ಲಿನ ಮಕ್ಕಳ ಓದಿಗೆ ನೆರವಾಗುವ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಅಷ್ಟು ಸಲೀಸಲ್ಲ ಸ್ವಾಮಿ. ಮುಂಬೈ ಬಳಿಯ ಡೊಂಬಿವಲಿಯ ನಾವು ನಾಲ್ಕು ಕನ್ನಡ ಮನೆಯವರು ಸೇರಿ ಕರ್ಜತ್ ಕಡೆಯ ಗುಡ್ಡದ ಪುಟ್ಟ ಹಾಡಿಯೊಂದರ, ಕಾತ್ಕರಿ ಎಂಬ ಆದಿವಾಸಿ ಸಮುದಾಯದ ಹುಡುಗಿಯ ಹಾಸ್ಟೆಲ್ ಖರ್ಚು ನೋಡಿಕೊಳ್ಳುತ್ತಿದ್ದೆವು. ದೀಪಾವಳಿ ರಜೆಗೆ ಹೋದವಳು ವಾಪಸ್ ಬರಲೇ ಇಲ್ಲ. ಹಬ್ಬ ಕಳೆದರೆ ಅಲ್ಲಿ ಎಷ್ಟೋ ಮನೆಯವರು ಇಟ್ಟಿಗೆ ಭಟ್ಟಿಗೆ ಗುಳೆ ಹೊರಡುತ್ತಾರೆ. ಮಾಲೀಕ ಕೊಟ್ಟ ಮುಂಗಡ ಮಳೆಗಾಲದಲ್ಲೇ ಖರ್ಚಾಗಿರುತ್ತದೆ, ತೀರಿಸದೆ ವಿಧಿಯಿಲ್ಲ. ಭಟ್ಟಿ ಹುಡುಕಿಕೊಂಡು ಹೋದರೆ ಹುಡುಗಿ ಬೂದಿ ಮೆತ್ತಿದ ಕಾಲಲ್ಲಿ, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ನಾವೋ, ಜೂನ್‌ನಲ್ಲೇ ಪೂರ್ತಿ ಫೀಸು ಕಟ್ಟಿದ ರಸೀದಿ ಜೇಬಲ್ಲಿಟ್ಟುಕೊಂಡು ಹೋಗಿದ್ದೆವು, ಯಾರಿಗೆ ತೋರಿಸಲು ಅಂತ ಗೊತ್ತಿಲ್ಲ!

6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಉಚಿತ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ, ಆದಿವಾಸಿ ಮಕ್ಕಳಿಗೆ ಊಟ-ವಸತಿ ಇರುವ ಸರ್ಕಾರಿ ಆಶ್ರಮಶಾಲೆಗಳೂ ಇವೆ. ಆ ಮನೆಗೆ ಬೇಕಿದ್ದದ್ದು ಫೀಸಲ್ಲ, ಕೂಸನ್ನು ನೋಡಿಕೊಳ್ಳುವವರು, ಮಳೆಗಾಲದ ನಾಲ್ಕು ತಿಂಗಳಿಗೆ ಅಕ್ಕಿ. ಅದಕ್ಕೆ ದುಡ್ಡು ಕೇಳಿದರೆ ನಮ್ಮಲ್ಲೇ ಇಬ್ಬರು ‘ಅದು ಶಿಕ್ಷಣದ ಲೆಕ್ಕಕ್ಕೆ ಬರಲ್ಲವಲ್ರೀ’ ಅಂದರು.