ಎಲ್ಲದಕ್ಕೂ ಬಿಲ್ಡಪ್ ಅಂದರೆ ಶೋಕಿಗೇನು ಉಳೀತು?

ಚೆನ್ನೈನಲ್ಲಿ ಮೆರೆದಾಡುವವನಿಗೆ ‘ಸೀನ್ ಪೋಡಾದೆ’ (ದೊಡ್ಡಸ್ತಿಕೆ ತೋರಿಸಬೇಡ) ಅಂದರೆ ಸಾಕು. ಅದನ್ನೇ ಎಳೆದುಕೊಂಡು ಬಂದು ಬೆಂಗಳೂರಿನಲ್ಲಿ ‘ಸೀನ್ ಮಾಡಬೇಡ’ ಅಂದರೆ, ನಾಲ್ಕು ಜನರ ಮುಂದೆ ರಂಪ ಮಾಡಬೇಡ ಅಂತ ಕೇಳಿಸುತ್ತದೆ. ‘ಅವನಿಗೆ ಅಷ್ಟೊಂದು ಸೀನಿಲ್ಲ’ ಅನ್ನುವುದು ಮತ್ತೂ ಬೇರೆ. ಅಷ್ಟು ಯೋಗ್ಯತೆಯಿಲ್ಲ ಅಂತ. ಹೀಗೆ ಎಡವುವ ನಾವು ಹೊರನಾಡ ಕನ್ನಡಿಗರು ಕೊನೆಗೆ ಬಿಲ್ಡಪ್ ಅನ್ನುವ ಒಂದೇ ಪದಕ್ಕೆ ಜೋತುಬೀಳುತ್ತೇವೆ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಅದು ಓಡುತ್ತದಲ್ಲ. ನನ್ನ ತಕರಾರು ಅಲ್ಲೇ: ಒಂದೊಂದು ಬಗೆಯ ಮೆರೆದಾಟಕ್ಕೂ ಕನ್ನಡದಲ್ಲಿ ಬೇರೆ ಬೇರೆ ಪದವಿದೆ.

ಬಿಲ್ಡಪ್ ‘ಕೊಡು’ವಂಥದ್ದು, ಆದ್ದರಿಂದ ಇನ್ನೊಬ್ಬರಿಗೂ ಕೊಡಬಹುದು. ಸಿನಿಮಾದಲ್ಲಿ ಮೊದಲು ಬೂಟು, ಆಮೇಲೆ ಕೈ, ಕಡೆಗೆ ಮುಖ ತೋರಿಸಿ ಹೀರೋಗೆ ಬಿಲ್ಡಪ್ ಕೊಡುತ್ತಾರೆ. ಶೋಕಿಯನ್ನು ತಾನೇ ‘ಮಾಡ’ಬೇಕು, ಕಾಸೂ ಕರಗಬೇಕು. ಅದರ ಮೂಲ ಉರ್ದುವಿನ ಶೌಕ್. ಅಲ್ಲಿ ಅದು ಬರೀ ಆಸೆ, ಅಭಿರುಚಿ. ಕನ್ನಡಕ್ಕೆ ಬಂದ ಮೇಲೂ ಪೂರ್ತಿ ಬೈಗುಳವಾಗಿಲ್ಲ. ಹಬ್ಬಕ್ಕೆ ಹೊಸ ಶರ್ಟ್ ತೊಟ್ಟ ಹುಡುಗನಿಗೆ ‘ಏನಪ್ಪಾ, ಶೋಕಿ ಜೋರಾಗಿದೆ’ ಅಂದರೆ ಅದರಲ್ಲಿ ಅಕ್ಕರೆಯಿದೆ. ಸಾಲ ಮಾಡಿ ಬೈಕ್ ಕೊಂಡು ಚರ್ಚ್ ಸ್ಟ್ರೀಟ್ ಸುತ್ತುವವನಿಗೆ ಅದೇ ಪದ ಚುಚ್ಚುತ್ತದೆ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಅನ್ನುವ ಗಾದೆ ಇಂಥವನಿಗೇ ಹೇಳಿದ್ದು. ವಯಸ್ಸಾದವರಿಗೆ ಮಾತ್ರ ಸಲುಗೆಯಿಲ್ಲದೆ ಶೋಕಿ ಅನ್ನಬೇಡಿ, ಅವರಿಗೆ ಅದು ಅವಮಾನವಾಗಿ ತಟ್ಟಬಹುದು.

ಬಡಾಯಿಗೆ ಕಾಸು ಬೇಡ, ಬಾಯಿ ಸಾಕು; ಅದನ್ನು ‘ಕೊಚ್ಚು’ತ್ತಾರೆ. ವಿರಾಟಪರ್ವದ ಉತ್ತರಕುಮಾರ ಅಂತಃಪುರದ ಹೆಂಗಸರ ಮುಂದೆ ಕೌರವರನ್ನು ಗೆದ್ದೇಬಿಡುವಂತೆ ಕೊಚ್ಚಿಕೊಂಡ, ಸೇನೆ ಕಂಡೊಡನೆ ರಥದಿಂದ ಧುಮುಕಿ ಓಡಿದ. ‘ಉತ್ತರನ ಪೌರುಷ ಒಲೆಯ ಮುಂದೆ’ ಅನ್ನುವ ನಮ್ಮವರು ಅವನನ್ನು ಶೋಕಿಲಾಲ ಅನ್ನುವುದಿಲ್ಲ. ಜಂಬಕ್ಕೆ ಕಾಸೂ ಬೇಡ, ಮಾತೂ ಬೇಡ, ನಡಿಗೆಯಲ್ಲೇ ಗೊತ್ತಾಗುತ್ತದೆ. ಕರೆದಾಗ ಬೇಕೆಂದೇ ಸತಾಯಿಸಿ ತನ್ನ ಬೆಲೆ ಏರಿಸಿಕೊಳ್ಳುವವನು ಬೆಂಗಳೂರಿನ ಹುಡುಗರ ಬಾಯಲ್ಲಿ ‘ಸ್ಕೋಪ್ ತಗೋತಾನೆ’. ಮುಂಬೈಯವರಿಗೆ ಅದು ‘ಭಾವ್ ಖಾನಾ’.

ಹೊರಗೆ ಬೆಳೆಯುವ ಮಕ್ಕಳಿಗೆ ಈ ಪದಗಳನ್ನು ಒಂಟಿಯಾಗಿ ಕಲಿಸಬೇಡಿ, ಕ್ರಿಯಾಪದದ ಸಮೇತ ಕಲಿಸಿ: ಶೋಕಿ ಮಾಡು, ಬಡಾಯಿ ಕೊಚ್ಚು, ಜಂಬ ಪಡು, ಬಿಲ್ಡಪ್ ಕೊಡು. ‘ಶೋಕಿ ಕೊಡ್ತಾನೆ’ ಅಂದುಬಿಟ್ಟರೆ ಬೆಂಗಳೂರಿನ ಓರಗೆಯವರು ನಗುತ್ತಾರೆ, ಮಗು ಮುಂದಿನ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತದೆ.