ನೆಲ ಡೊಂಕು ಅನ್ನೋ ಹಾಗೂ ಇಲ್ಲ

ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಟೊರಾಂಟೊ ಮೇಪಲ್ ಲೀಫ್ಸ್ ಐಸ್ ಹಾಕಿ ತಂಡಕ್ಕೆ ಆ ನೆಪವೂ ಕೈಕೊಟ್ಟ ರಾತ್ರಿ 2020ರ ಫೆಬ್ರವರಿ 22. ಅವತ್ತು ಎದುರಾಳಿಗಳ ಗೋಲು ಕಾಯಲು ಬಂದವನು ನೆಲ ಸಮ ಮಾಡುವವನೇ!

ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ ಮನೆ ಮಾಡಿದ ಮೇಲೆ ಈ ತಂಡದ ಸಹವಾಸ ತಪ್ಪಿದ್ದಲ್ಲ. ಇಲ್ಲಿ ಚಳಿ, ತೆರಿಗೆ, ಲೀಫ್ಸ್ ಮೂರನ್ನೂ ಸುಮ್ನೆ ಅನುಭವಿಸಬೇಕು. ಕೊನೇ ಸಲ ಇವರು ಸ್ಟಾನ್ಲಿ ಕಪ್, ಅಂದರೆ ಇಲ್ಲಿನ ದೊಡ್ಡ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಪ್ರಶಸ್ತಿ, ಗೆದ್ದದ್ದು 1967ರಲ್ಲಿ. ಆಮೇಲೆ ಪ್ರತಿ ಅಕ್ಟೋಬರ್‌ನಲ್ಲೂ, ಸೀಸನ್ ಶುರುವಾದಾಗ, 'ಈ ಸಲ ಕಪ್ ನಮ್ದೇ'. ಈ ಮಾತು ಎಲ್ಲೋ ಕೇಳಿದ ಹಾಗಿದೆ ಅಂತ ನಿಮಗೆ ಅನ್ನಿಸಿದರೆ ಅದು ನಿಮ್ಮ ತಪ್ಪಲ್ಲ.

2019-20ರ ಲೆಕ್ಕ ಹೀಗಿತ್ತು. ಇಡೀ ತಂಡದ ಸಂಬಳಕ್ಕೆ ಲೀಗ್ ಹಾಕಿದ್ದ ಮಿತಿ 8.15 ಕೋಟಿ ಡಾಲರ್. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಹೋಗುತ್ತಿದ್ದದ್ದು ಮ್ಯಾಥ್ಯೂಸ್, ತವಾರೆಸ್, ಮಾರ್ನರ್, ನೈಲ್ಯಾಂಡರ್ ಈ ನಾಲ್ವರಿಗೆ. ನಾಲ್ವರೂ ಗೋಲು ಹೊಡೆಯೋರು. ಗೋಲು ತಡೆಯೋರು ಯಾರು ಅಂದರೆ, ಉಳಿದ ಚಿಲ್ಲರೆಯಲ್ಲಿ ನೋಡೋಣ ಅಂತ. ಮದುವೆ ಬಜೆಟ್ಟೆಲ್ಲ ವಾಲಗಕ್ಕೆ ಸುರಿದು ಊಟಕ್ಕೆ ಚಿತ್ರಾನ್ನ ಹಾಕಿಸಿದ ಹಾಗೆ.

ಕೋಚ್ ಮೈಕ್ ಬ್ಯಾಬ್‌ಕಾಕ್. 2015ರಲ್ಲಿ 8 ವರ್ಷಕ್ಕೆ 5 ಕೋಟಿ ಡಾಲರ್ ಒಪ್ಪಂದ ಮಾಡಿ ಇವರನ್ನು ಕರೆತಂದಿದ್ದರು. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಅನ್ನುವುದರಲ್ಲಿ ಇವರದು ಬೇರೆಯೇ ದಾರಿ. ಜೇಸನ್ ಸ್ಪೆಜ್ಜಾ ಅಂತ 36ರ ಹಿರಿಯ ಆಟಗಾರ. ಇಲ್ಲೇ ಹುಟ್ಟಿ ಬೆಳೆದವನು. ಊರ ತಂಡದಲ್ಲಿ ಆಡುವ ಆಸೆಗೆ 7 ಲಕ್ಷ ಡಾಲರ್‌ಗೆ, ಅಂದರೆ ಲೀಗಿನ ಕನಿಷ್ಠ ಸಂಬಳಕ್ಕೆ ಸಹಿ ಹಾಕಿದ್ದ. ಮೊದಲ ಪಂದ್ಯ ಊರಲ್ಲೇ, ಅದೂ ಅವನು ಹಿಂದೆ ನಾಯಕನಾಗಿದ್ದ ಒಟ್ಟಾವಾ ತಂಡದ ಮೇಲೆ. ಕೋಚ್ ಏನು ಮಾಡಿದರು? ಅವತ್ತು ಅವನನ್ನು ಆಡಿಸಲೇ ಇಲ್ಲ. ಗಾಯ ಇಲ್ಲ, ಜ್ವರ ಇಲ್ಲ. ಸುಮ್ನೆ ಹೊರಗೆ ಕೂರಿಸಿದರು. ಪಂದ್ಯ ಗೆದ್ದರು ಅನ್ನಿ. ಆದರೂ ಮದುಮಗನನ್ನೇ ಚಪ್ಪಲಿ ಕಾಯೋಕೆ ನಿಲ್ಲಿಸಿದರೆ ನೋಡುವವರಿಗೆ ಹೇಗಿರುತ್ತೆ?

ನವೆಂಬರ್ 20ಕ್ಕೆ ಬ್ಯಾಬ್‌ಕಾಕ್ ಮನೆಗೆ. ಸತತ 6 ಸೋಲು. ಆಡಿದ 23ರಲ್ಲಿ ಗೆದ್ದದ್ದು 9. ಜಾಗಕ್ಕೆ ಬಂದವರು ಕಿರಿಯ ತಂಡ ಮಾರ್ಲೀಸ್‌ನ ಕೋಚ್ ಶೆಲ್ಡನ್ ಕೀಫ್. ಬಂದ ಹೊಸದರಲ್ಲಿ ಗೆಲುವಿನ ಮೇಲೆ ಗೆಲುವು. ಆಮೇಲೆ ಮತ್ತೆ ಹಳೇ ರಾಗ. ಸೋತಾಗಲೆಲ್ಲ ಇವನ ಪಕ್ಕದಲ್ಲಿದ್ದವನನ್ನು ಅವನ ಪಕ್ಕಕ್ಕೆ, ಅವನನ್ನು ಮೂರನೇ ಲೈನಿಗೆ, ಅಂದರೆ ಒಟ್ಟಿಗೆ ಆಡುವ ಮೂವರ ಇನ್ನೊಂದು ಗುಂಪಿಗೆ. ಲೀಫ್ಸ್ ಅಂದರೆ ಎಲೆಗಳು ತಾನೇ? ಕಲಸುತ್ತಾ ಇದ್ದರು. ಆದರೆ ಎಷ್ಟು ಕಲಸಿದರೂ ಇಸ್ಪೀಟ್ ಕಟ್ಟಿನಲ್ಲಿರುವುದು ಅದೇ 52 ಎಲೆ, ಅಲ್ವಾ?

ಈಗ ಆ ಫೆಬ್ರವರಿ 22ರ ಶನಿವಾರಕ್ಕೆ ಬರೋಣ. ಎದುರಾಳಿ ಕೆರೊಲೈನಾ ಹರಿಕೇನ್ಸ್. ಮೊದಲನೇ ಅವಧಿಯಲ್ಲೇ ಅವರ ಗೋಲ್‌ಕೀಪರ್ ರೈಮರ್‌ಗೆ ಪೆಟ್ಟು. ಎರಡನೇ ಅವಧಿಯಲ್ಲಿ ಬದಲಿ ಗೋಲ್‌ಕೀಪರ್ ಮ್ರಾಜೆಕ್‌ಗೂ ಪೆಟ್ಟು. ಅವನಿಗೆ ಡಿಕ್ಕಿ ಹೊಡೆದದ್ದು ಯಾರು? ಲೀಫ್ಸ್ ತಂಡಕ್ಕೆ ಬಲ ತುಂಬಲಿ ಅಂತ ಅದೇ ತಿಂಗಳು ಲಾಸ್ ಏಂಜಲೀಸ್‌ನಿಂದ ತರಿಸಿಕೊಂಡಿದ್ದ ಕ್ಲಿಫರ್ಡ್! ಯಾವ ತಂಡದ ಇಬ್ಬರೂ ಮಲಗಿದರೂ ಆಡಲು ಒಬ್ಬ ತುರ್ತು ಗೋಲ್‌ಕೀಪರ್‌ನನ್ನು ಆಗ ಆತಿಥೇಯ ಊರಿನವರೇ ಸಿದ್ಧ ಇಟ್ಟಿರಬೇಕಿತ್ತು. ಆ ಸೀಟಿನಲ್ಲಿದ್ದವನು ಡೇವಿಡ್ ಏರ್ಸ್, ವಯಸ್ಸು 42. ಐಸ್ ಮೇಲೆ ಬಿದ್ದ ಗೀರು ಕೆರೆದು, ನೀರು ಹರಿಸಿ ನುಣುಪು ಮಾಡುವ ಜಾಂಬೋನಿ ಗಾಡಿ ಓಡಿಸುತ್ತಿದ್ದವ. ಹಿಂದೆ ಅವನಿಗೆ ತಾಯಿಯೇ ಕಿಡ್ನಿ ಕೊಟ್ಟಿದ್ದರು. ಕೆಲಸ ಮಾಡುತ್ತಿದ್ದದ್ದು ಹಳೇ ಮೇಪಲ್ ಲೀಫ್ ಗಾರ್ಡನ್ಸ್ ಕಟ್ಟಡದಲ್ಲಿ, 1967ರ ಕಪ್ ಗೆದ್ದ ಜಾಗದಲ್ಲೇ.

ಇದಕ್ಕಿಂತ ಚಂದದ್ದು ಇನ್ನೊಂದಿದೆ. ಲೀಫ್ಸ್ ಅಭ್ಯಾಸ ಮಾಡುವಾಗ ಎಷ್ಟೋ ಸಲ ಗೋಲಿನಲ್ಲಿ ನಿಲ್ಲುತ್ತಿದ್ದವನೂ ಇವನೇ. ಮ್ಯಾಥ್ಯೂಸ್ ಯಾವ ಮೂಲೆಗೆ ಹೊಡೀತಾನೆ ಅಂತ ಪುಕ್ಕಟೆ ಟ್ಯೂಷನ್ ಆಗಿತ್ತು. ಅವತ್ತು ಅವನು ಮೈಗೆ ಹಾಕಿದ್ದು ಕೆರೊಲೈನಾದ 90ನೇ ನಂಬರಿನ ಜೆರ್ಸಿ, ತಲೆಗೆ ಹಾಕಿದ್ದು ಟೊರಾಂಟೊದ ಮಾರ್ಲೀಸ್ ಮುಖವಾಡ.

ಅವನು ಬಂದಾಗ ಕೆರೊಲೈನಾ 3-1ರಲ್ಲಿ ಮುಂದೆ. ಮೊದಲ ಎರಡು ಹೊಡೆತ ಎರಡೂ ಗೋಲು. ನಮ್ಮ ಬೇಸ್‌ಮೆಂಟಿನಲ್ಲಿ ಸಂಭ್ರಮ. ಮೊಮ್ಮಗಳನ್ನು ನೋಡಿಕೊಳ್ಳಲು ಹಾಸನದಿಂದ ಬಂದಿದ್ದ ಅಮ್ಮ ಮಾತ್ರ, "ಪಾಪ ಕಣೋ, ಡ್ರೈವರ್ ಹತ್ರ ಎಂಥಾ ಪೌರುಷ" ಅಂದರು. ಅಮ್ಮನ ಬಾಯಿಗೆ ಸಕ್ಕರೆ ಹಾಕಬೇಕಿತ್ತು, ಆಮೇಲೆ ಒಂದೂ ಒಳಗೆ ಹೋಗಲಿಲ್ಲ. ಹೆಚ್ಚು ಕಡಿಮೆ ಅರ್ಧ ಗಂಟೆಯ ಆಟದಲ್ಲಿ 4 ಕೋಟಿ ಡಾಲರ್‌ನವರೂ ಉಳಿದವರೂ ಸೇರಿ ಅವನ ಕಡೆ ಹೊಡೆದದ್ದು ಬರೀ 10 ಸಲ. 8 ತಡೆದ. ಪಂದ್ಯ 6-3ಕ್ಕೆ ಕೆರೊಲೈನಾ ಪಾಲು. ಕೊನೆಗೆ ಟೊರಾಂಟೊ ಪ್ರೇಕ್ಷಕರೇ ಅವನಿಗೆ ಚಪ್ಪಾಳೆ ತಟ್ಟಿದರು. ಅಷ್ಟು ದುಡ್ಡು ಕೊಟ್ಟು ಬಂದ ಮೇಲೆ ಯಾರಿಗಾದರೂ ತಟ್ಟಬೇಕಲ್ಲ?

"ಹಂಗಾದ್ರೆ ನಾಳೆ ಐಸ್ ಯಾರು ಒರೆಸ್ತಾರೆ?" ಅಂತ ಅಮ್ಮ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ.

ಎರಡು ದಿನಕ್ಕೆ ಆಟಗಾರರ ಕೊಡುಕೊಳ್ಳುವಿಕೆಯ ಗಡುವು ಬಂತು. ಎಲೆ ಹೆಚ್ಚು ಕಡಿಮೆ ಅವೇ ಉಳಿದವು. ಮಾರ್ಚ್ ಮೊದಲ ವಾರ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಲ್ಲಿನ ಮೂರು ಸೊರಗಿದ ತಂಡಗಳಿಗೂ ಸೋತು ಬಂದರು. ಆಮೇಲೆ ಕೊರೊನಾ ಬಂದು ಲೀಗನ್ನೇ ನಿಲ್ಲಿಸಿತು.

ಅವತ್ತು ಏರ್ಸ್ ಹಿಡಿದಿದ್ದ ಸ್ಟಿಕ್ ಹಾಕಿ ಹಾಲ್ ಆಫ್ ಫೇಮ್ ಸೇರಿತು. ಅದು ಇರುವುದೂ ಟೊರಾಂಟೊದಲ್ಲೇ, ಲೀಫ್ಸ್ ಅರೀನಾದಿಂದ ಕೆಲವೇ ನಿಮಿಷ ನಡೆದರೆ ಸಿಗುತ್ತೆ. ಸ್ಟಾನ್ಲಿ ಕಪ್ಪನ್ನು ಜನ ನೋಡಲು ಹೋಗುವುದೂ ಅಲ್ಲಿಗೇ. ಅಮ್ಮನನ್ನು ಒಂದು ಸಲ ಕರೆದುಕೊಂಡು ಹೋಗಿದ್ದೆ. ಕಪ್ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, "ಇಷ್ಟು ಹತ್ರ ಇದೆಯಲ್ಲೋ, ಟಿಕೆಟ್ ತಗೊಂಡು ಅವರೂ ಬರಬಹುದಿತ್ತು" ಅಂದರು.